ಹುಗ್ಗಿಯಿಲ್ಲದ ಸೈರನ್

ನೆರಳೂರಿನ ಹೆಂಗಸರು ಆಗಲೇ ಅರ್ಧ ಗುಡ್ಡ ಹತ್ತಿದ್ದರು. ಹೊಳೆಗುತ್ತಿಯ ಹೆಂಗಸರು ಇನ್ನೂ ಹೊಸ್ತಿಲು ದಾಟಿರಲಿಲ್ಲ.

ಎರಡೂ ಒಂದೇ ಗೋಡೆಯ ಮೇಲೆ ಕಾಣುತ್ತಿದ್ದವು. ನಿಯಂತ್ರಣ ಕೊಠಡಿಯ ಆ ದೊಡ್ಡ ಪರದೆಯಲ್ಲಿ ನೀಲಿ ಚುಕ್ಕಿಗಳು ಸಾಲಾಗಿ, ಶಿಸ್ತಾಗಿ, ಒಂದರ ಹಿಂದೆ ಒಂದು ಗುಡ್ಡದ ಕಡೆ ಸಾಗುತ್ತಿದ್ದವು. ಹಳದಿ ಚುಕ್ಕಿಗಳು ಹೊಳೆಯ ತಿರುವಿನಲ್ಲಿ ಚೆಲ್ಲಿದ ಜೋಳದ ಕಾಳುಗಳ ಹಾಗೆ ಬಿದ್ದಲ್ಲೇ ಬಿದ್ದಿದ್ದವು. ನೀಲಿ ಎಂದರೆ ಯಂತ್ರ ಊಹಿಸಿದ ಜನ. ಹಳದಿ ಎಂದರೆ ನಿಜವಾದ ಜನ.

"ಸೈರನ್ ಕೇಳಿಸ್ತಾ ಇದೆ ತಾನೇ?" ಎಂದು ಕರ್ನಲ್ ದೇಚಮ್ಮ ಕೇಳಿದಳು.

"ಕೇಳಿಸ್ತಿದೆ ಮೇಡಂ. ಪ್ರತಿ ಬಾಗಿಲೂ ಅದಕ್ಕೆ ಅದುರಿದ್ದು ದಾಖಲಾಗಿದೆ" ಎಂದಳು ದಾಕ್ಷಾಯಣಿ.

"ಮತ್ತೆ ಯಾಕೆ ಯಾರೂ ಹೊರಗೆ ಬರ್ತಾ ಇಲ್ಲ?"

ದಾಕ್ಷಾಯಣಿಗೆ ಗೊತ್ತಿರಲಿಲ್ಲ. ಗೊತ್ತಿರುವುದೇ ಅವಳ ಕೆಲಸವಾಗಿತ್ತು.

ನೆರಳೂರು ಎಂಬ ಹೆಸರಿಟ್ಟವಳು ಅವಳೇ. ಸೇನೆಯ ಕಡತಗಳಲ್ಲಿ ಅದಕ್ಕೆ ಅಂಕಿ-ಅಕ್ಷರ ಸೇರಿದ ಉದ್ದನೆಯ ಹೆಸರೊಂದಿತ್ತು, ಯಾರೂ ಬಳಸುತ್ತಿರಲಿಲ್ಲ. ಗಡಿಯಾಚೆಯಿಂದ ಹಾರಿಬರುವ ಯಂತ್ರಗಳು ಸೈನಿಕರನ್ನು ಬಿಟ್ಟು ಅಣೆಕಟ್ಟು, ಸೇತುವೆ, ವಿದ್ಯುತ್ ಕೇಂದ್ರಗಳ ಮೇಲೆ ಎರಗತೊಡಗಿದ ಮೇಲೆ ಸೇನೆಗೆ ಹೊಸ ತಲೆನೋವು ಶುರುವಾಗಿತ್ತು. ಗುರಿಯನ್ನು ಕಾಯುವುದು ಗೊತ್ತು. ಗುರಿಯ ಸುತ್ತ ಅಡುಗೆ ಮಾಡಿಕೊಂಡು, ಮಕ್ಕಳನ್ನು ಬೈದುಕೊಂಡು ಬದುಕುವ ಜನರನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿ ಸಾಗಿಸುವುದು ಹೇಗೆ? ಜನರ ನಡವಳಿಕೆಯನ್ನು ಅಧ್ಯಯನ ಮಾಡುತ್ತಿದ್ದ ದಾಕ್ಷಾಯಣಿಯನ್ನು ಧಾರವಾಡದಿಂದ ಕರೆಸಿಕೊಂಡದ್ದು ಅದಕ್ಕೇ. ಮನೆಮನೆಯ ಚೌಕಟ್ಟಿಗೂ ನಾಣ್ಯದಷ್ಟಗಲದ ಒಂದು ಬಿಲ್ಲೆ ಅಂಟಿಸಲಾಯಿತು. ಅದು ನೋಡುವುದಿಲ್ಲ, ಮಾತು ಕೇಳುವುದಿಲ್ಲ. ಬಾಗಿಲ ಸದ್ದು, ಹೆಜ್ಜೆಯ ಭಾರ, ಒಲೆಯ ಕಾವು, ಇಷ್ಟನ್ನು ಮಾತ್ರ ತಿಳಿಯುತ್ತದೆ. ಮನೆಯಿಂದ ಹೊರಬಿದ್ದವರ ಜಾಡನ್ನು ಅವರವರ ಫೋನು ಕೊಡುತ್ತದೆ. ಪ್ರತಿ ಅಣಕು ತಾಲೀಮಿನಲ್ಲೂ ಯಾರು ಮೊದಲು ಹೊರಬಿದ್ದರು, ಯಾರು ಯಾರಿಗಾಗಿ ನಿಂತರು, ಯಾವ ಓಣಿಯಲ್ಲಿ ಗುಂಪು ಕಟ್ಟಿತು ಎಂಬುದೆಲ್ಲ ಯಂತ್ರದೊಳಗೆ ಹೋಗಿ, ಊರಿನ ಪಕ್ಕದಲ್ಲಿ ಊರಿನದೇ ನೆರಳೊಂದು ಬೆಳೆಯಿತು. ಎಷ್ಟು ಟ್ರಕ್ ಬೇಕು, ಯಾವಾಗ ಬೇಕು ಎಂದು ಕೇಳಿದರೆ ನೆರಳೂರು ಮೊದಲೇ ನಡೆದು ತೋರಿಸುತ್ತಿತ್ತು.

ಅದರಲ್ಲಿ ಹೊಳೆಗುತ್ತಿ ಎಲ್ಲರಿಗೂ ಮಾದರಿ. ಹೆಂಗಸರ ಊರು ಅದು. ಗಂಡಸರು ಕಬ್ಬು ಕಡಿಯಲು ಬೇರೆ ಜಿಲ್ಲೆಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಅಲ್ಲಿಯ ತಾಲೀಮಿನ ಚಿತ್ರವನ್ನು ದಾಕ್ಷಾಯಣಿ ದೊಡ್ಡ ಸಭೆಗಳಲ್ಲಿ ತೋರಿಸಿದ್ದಳು. ನೂಕುನುಗ್ಗಲಿಲ್ಲ, ಅಳುವಿಲ್ಲ, ಮರೆತದ್ದನ್ನು ತರಲು ಹಿಂದಿರುಗಿ ಓಡುವವರಿಲ್ಲ. ಅದು ಅವಳ ಅಕ್ಕ ಮಹಾನಂದಾಳ ಊರು ಎಂಬುದನ್ನು ಮಾತ್ರ ಅವಳು ಯಾವ ಸಭೆಯಲ್ಲೂ ಹೇಳಿರಲಿಲ್ಲ.

ದೇಚಮ್ಮ ಪರದೆಯ ಮೇಲ್ತುದಿಗೆ ಬೆರಳಿಟ್ಟಳು. ಅಲ್ಲಿ ಅಣೆಕಟ್ಟಿತ್ತು. ಬೆಳಗಿನ ಜಾವ ಬಂದ ಹಾರುಯಂತ್ರಗಳಲ್ಲಿ ಹೆಚ್ಚಿನವನ್ನು ಹೊಡೆದುರುಳಿಸಿದ್ದರು. ಒಂದು ಮಾತ್ರ ನುಸುಳಿ ಬಂದು ಗೇಟಿನ ಕಂಬವೊಂದನ್ನು ಸೀಳಿತ್ತು. ಮಳೆಗಾಲ ಈಗಷ್ಟೇ ಮುಗಿದಿತ್ತು, ನೀರು ಅಂಚಿಗಿತ್ತು.

"ಕತ್ತಲಾದ ಮೇಲೆ ಇನ್ನೊಂದು ಗುಂಪು ಬರುತ್ತೆ, ಅದು ಖಚಿತ. ತುಂಬಿದ ಕೊಡ ಒಡೆದರೆ ಕೆಳಗಿನ ಎರಡು ಪಟ್ಟಣ ಉಳಿಯಲ್ಲ. ಅಷ್ಟರೊಳಗೆ ಕೊಡ ಅರ್ಧ ಖಾಲಿ ಆಗಿರಬೇಕು. ಮಧ್ಯಾಹ್ನಕ್ಕೆ ಗೇಟು ತೆಗೀಲೇಬೇಕು. ತೆಗೆದರೆ ಪಟ್ಟಣದವರ ಅಂಗಳ ಒದ್ದೆಯಾಗುತ್ತೆ, ಹೊಳೆಗುತ್ತಿ ಪೂರ್ತಿ ಮುಳುಗುತ್ತೆ." ಅವಳ ದನಿ ಏರಲಿಲ್ಲ. "ನನ್ನ ಸೈನಿಕರು ಅಣೆಕಟ್ಟಿನ ಮೇಲೂ ಸೇತುವೆ ಮೇಲೂ ಇದ್ದಾರೆ. ಹೊಳೆಗುತ್ತಿಗೆ ಅಂತ ಇರೋದು ಎರಡು ಟ್ರಕ್. ಬಾಗಿಲು ಬಾಗಿಲಿಗೆ ಹೋಗಿ ಎಳ್ಕೊಂಡು ಬರೋಕೆ ಜನ ಇಲ್ಲ. ಅವರೇ ನಡೆದು ಬರ್ತಾರೆ ಅಂತಲೇ ಯೋಜನೆ ಮಾಡಿದ್ದು. ನೀವು ಹೇಳಿದ್ದಕ್ಕೆ."

ದಾಕ್ಷಾಯಣಿ ಫೋನು ತೆಗೆದುಕೊಂಡಳು.

ಮಹಾನಂದಾ ಬೇಗ ಎತ್ತಲಿಲ್ಲ. ಎತ್ತಿದಾಗ ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು.

"ಏನ ದಾಕ್ಷಿ, ಇಷ್ಟೊತ್ತನ್ಯಾಗ? ಅರಾಮ ಅದಿಯಿಲ್ಲೋ?"

"ಅಕ್ಕಾ, ಸೈರನ್ ಕೇಳ್ಸಾಕತ್ತಿಲ್ಲೇನು?"

"ಕೇಳ್ಸಾಕತ್ತೈತಿ ಬಿಡ, ಕಿವಿ ಕಿತ್ತು ಹೋಗಾಕತ್ತಾವು. ನಿಮ್ಮ ಮಿಷಿನ್ ಕೆಟ್ಟೈತಿ ನೋಡು. ಗಂಗವ್ವ ಆ ಕಂಬಕ್ಕ ಕಲ್ಲ ಒಗದು ಬರ್ತೀನಂತ ಹೊಂಟಿದ್ಲು, ನಾನಽ ತಡದೀನಿ. ಯಾರರಽ ಕಳಸಿ ಬಂದ್ ಮಾಡ್ಸವಾ."

"ಕೆಟ್ಟೈತಿ ಅಂತ ಹೆಂಗ ಹೇಳ್ತಿ?"

"ಅಯ್ಯ, ಡ್ರಿಲ್ ಇದ್ರ ನಿನ್ನೆನ ಹೇಳ್ತಿದ್ರಲ್ಲ! ಹುಗ್ಗಿ ಮಾಡಬ್ಯಾಡೇನು? ಮುಂಜಾನಿಂದ ಕುದಿಸಿದ್ರ ಮಧ್ಯಾಹ್ನಕ್ಕ ಆಗ್ತೈತಿ ಹುಗ್ಗಿ. ಗೋಧಿ ಬಂದಿಲ್ಲ, ಬೆಲ್ಲ ಬಂದಿಲ್ಲ, ಬರೇ ಸೈರನ್ ಬಂದ್ರ ಆತೇನು?"

ದಾಕ್ಷಾಯಣಿ ಕಣ್ಣು ಮುಚ್ಚಿಕೊಂಡಳು.

ಕಳೆದ ತಾಲೀಮಿನ ದಿನ ಅವಳು ವೀಕ್ಷಕಿಯಾಗಿ ಹೊಳೆಗುತ್ತಿಗೆ ಹೋಗಿದ್ದಳು. ಗುಡ್ಡದ ಮೇಲಿನ ಬಯಲಿನಲ್ಲಿ ಹೆಂಗಸರೆಲ್ಲ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಸಾಲಾಗಿ ಕುಳಿತಿದ್ದರು. ದೊಡ್ಡ ಹಂಡೆಯಲ್ಲಿ ಗೋಧಿ ಹುಗ್ಗಿ. ಅದನ್ನು ಮಾಡಿದ್ದು ಊರಿನ ಮಹಿಳಾ ಸಂಘದವರೇ, ಅಂದರೆ ಮಹಾನಂದಾ ಮತ್ತು ಅವಳ ಜೊತೆಯವರು. ತಾಲೀಮಿಗೆ ಬಂದವರಿಗೆ ಊಟ ಕೊಡಬೇಕು ಎಂದು ಯೋಜನೆಯಲ್ಲಿತ್ತು. ಊಟದ ಕೆಲಸವನ್ನು ಸ್ಥಳೀಯ ಹೆಂಗಸರಿಗೇ ಕೊಡಿ ಎಂದು ಸೇರಿಸಿದವಳು ದಾಕ್ಷಾಯಣಿಯೇ. ಅಡುಗೆ ಮಾಡುವವರಿಗೆ ಹಿಂದಿನ ದಿನ ಹೇಳದೆ ಆಗುತ್ತದೆಯೇ? ಒಬ್ಬಳಿಗೆ ಹೇಳಿದರೆ ಊರಿಗೆ ಹೇಳಿದಂತೆ. ಅವತ್ತು ಅವಳು ಎರಡು ಸಲ ಹುಗ್ಗಿ ಹಾಕಿಸಿಕೊಂಡು ತಿಂದಿದ್ದಳು. ಇದು ಬೆಳಗಿನಿಂದ ಕುದಿದಿದೆ ಎಂದು ನಾಲಿಗೆಗೆ ಗೊತ್ತಾಗಿತ್ತು, ತಲೆಗೆ ಹೊಳೆದಿರಲಿಲ್ಲ.

ಯಂತ್ರಕ್ಕೂ ಗೊತ್ತಿತ್ತು. ಅವಳು ಪರದೆಯಲ್ಲಿ ನೆರಳೂರನ್ನು ಹಿಂದಕ್ಕೆ ಓಡಿಸಿ ನೋಡಿದಳು. ಸೈರನ್ನಿಗಿಂತ ಎಷ್ಟೋ ಮೊದಲೇ ನೀಲಿ ಊರಿನ ಒಲೆಗಳು ಹೊತ್ತಿಕೊಂಡವು. ನೆರಳಿನ ಹೆಂಗಸರು ಸ್ನಾನ ಮಾಡಿ, ಟ್ರಂಕು ತೆಗೆದು, ಬಾಗಿಲ ಬಳಿ ನಿಂತು ಸೈರನ್ನಿಗಾಗಿ ಕಾಯುತ್ತಿದ್ದರು. ಹಳ್ಳಿಯವರು ಬೇಗ ಏಳುತ್ತಾರೆ ಎಂದು ಅವಳು ಆ ಭಾಗವನ್ನು ವರದಿಯಿಂದ ಕತ್ತರಿಸಿ ಹಾಕಿದ್ದಳು. ಆ ಊರು ಓಡಿಹೋಗುವುದನ್ನು ಕಲಿತೇ ಇರಲಿಲ್ಲ. ವರ್ಷಕ್ಕೆ ಒಂದೆರಡು ಸಲ ಕೆಲಸವಿಲ್ಲದೆ ಒಟ್ಟಿಗೆ ಕುಳಿತು ಉಣ್ಣುವುದನ್ನು ಕಲಿತಿತ್ತು.

"ದಾಕ್ಷಿ? ಅದಿಯೇನ?"

"ಅದೀನಕ್ಕಾ. ಮತ್ತ ಮಾಡ್ತೀನಿ, ತಡಿ."

ದೇಚಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ದಾಕ್ಷಾಯಣಿಗೆ ಅನ್ನಿಸಿತು.

"ನಿಜ ಹೇಳಿದರೆ?" ಎಂದು ದೇಚಮ್ಮ ಕೇಳಿದಳು.

"ನೋಡೋಣ."

ಬೇರೆ ಊರುಗಳ ಹಿಂದಿನ ಪ್ರವಾಹಗಳಲ್ಲಿ ಜನ ನಡೆದುಕೊಂಡ ರೀತಿಯೂ ಯಂತ್ರದಲ್ಲಿತ್ತು. ದಾಕ್ಷಾಯಣಿ ಅದನ್ನು ಹೊಳೆಗುತ್ತಿಯ ಮೇಲೆ ಹೊದಿಸಿದಳು. ಮನೆ ಮುಳುಗುತ್ತದೆ ಎಂಬ ಸುದ್ದಿ ಕೊಟ್ಟೊಡನೆ ನೀಲಿ ಚುಕ್ಕಿಗಳು ಹೊರಗೆ ಬರುವ ಬದಲು ಒಳಗೆ ಹೋದವು. ಟ್ರಂಕಿಗೆ, ಅಟ್ಟಕ್ಕೆ, ಕೊಟ್ಟಿಗೆಗೆ. ಹೊರಬಂದವರು ಹೊತ್ತ ಗಂಟಿನ ಭಾರಕ್ಕೆ ನಿಧಾನವಾದರು. ಕೆಲವರು ಓಣಿಯಲ್ಲಿ ನಿಂತು ಜಗಳಾಡಿದರು. ಕೆಲವರು ಗಂಡಂದಿರಿಗೆ ಫೋನು ಹಚ್ಚಿ, ಅವರ ಮಾತಿಗಾಗಿ ಕಾಯುತ್ತ ಕಟ್ಟೆಯ ಮೇಲೆ ಕುಳಿತರು. ಹೊಳೆ ಏರಿದಾಗ ಊರಿನ ಮೂರರಲ್ಲೊಂದು ಪಾಲು ಇನ್ನೂ ಊರಿನಲ್ಲೇ ಇತ್ತು. ಒಂದೊಂದೇ ಚುಕ್ಕಿ ಆರತೊಡಗಿತು. ಯಂತ್ರಕ್ಕೆ ಅದೊಂದು ಲೆಕ್ಕ ಅಷ್ಟೆ. ಆದರೂ ಕೊಠಡಿಯಲ್ಲಿದ್ದ ಸೈನಿಕನೊಬ್ಬ ಮುಖ ಬೇರೆ ಕಡೆ ತಿರುಗಿಸಿದ.

"ಇದು ತಾಲೀಮು ಅಂತ ಹೇಳಿದರೆ?" ಎಂದಳು ದೇಚಮ್ಮ.

ದಾಕ್ಷಾಯಣಿ ಆ ಪ್ರಶ್ನೆ ಬರುತ್ತದೆ ಎಂದು ಕಾಯುತ್ತಿದ್ದಳು. ಬಾರದಿರಲಿ ಎಂದೂ ಕಾಯುತ್ತಿದ್ದಳು. ಗುಂಡಿ ಒತ್ತಿದಳು. ನೀಲಿ ಚುಕ್ಕಿಗಳು ಬರಿಗೈಯಲ್ಲಿ, ಸಾಲಾಗಿ ಗುಡ್ಡ ಹತ್ತಿದವು. ಒಂದೂ ಹಿಂದೆ ಉಳಿಯಲಿಲ್ಲ.

"ಮೇಡಂ, ಅವರು ಬರಿಗೈಲಿ ಬರ್ತಾರೆ. ಸಂಜೆಗೆ ವಾಪಸ್ ಹೋಗ್ತೀವಿ ಅಂತ ನಂಬಿಕೊಂಡು. ದನ ಕಟ್ಟಿದಲ್ಲೇ ಇರುತ್ತೆ. ಬಂಗಾರ, ಬಟ್ಟೆ, ಮಕ್ಕಳ ಪುಸ್ತಕ, ಎಲ್ಲಾ ಹೋಗುತ್ತೆ. ಜನರಿಗೆ ಸುಳ್ಳು ಹೇಳೋದು ನಮ್ಮ ಯೋಜನೆಯಲ್ಲಿ ಎಲ್ಲೂ ಇಲ್ಲ."

"ಯೋಜನೆಯಲ್ಲಿ ಅವರು ಬರ್ತಾರೆ ಅಂತ ಇತ್ತು" ಎಂದಳು ದೇಚಮ್ಮ. "ನಾನು ಹೇಳಿದರೆ ಅವರು ನಂಬಲ್ಲ. ಜಿಲ್ಲಾಧಿಕಾರಿ ಧ್ವನಿವರ್ಧಕದಲ್ಲಿ ಕೂಗಿದರೂ ನಂಬಲ್ಲ. ಡ್ರಿಲ್ಲಿನ ಸುದ್ದಿ ಅವರಿಗೆ ಅಡುಗೆಮನೆಯಿಂದಲೇ ಬರಬೇಕು, ಅಲ್ವಾ?" ಎಂದಳು.

ದಾಕ್ಷಾಯಣಿಗೆ ಆಗ ನೆನಪಾದದ್ದು ಒಂದು ಸಣ್ಣ ವಿಷಯ. ತಾಯಿ ತೀರಿಹೋದ ಮೇಲೆ ಮಹಾನಂದಾ ಶಾಲೆ ಬಿಟ್ಟು ಅವಳನ್ನು ಶಾಲೆಗೆ ಕಳಿಸಿದ್ದಳು. ಪ್ರತಿ ಸಂಜೆ ಜಡೆ ಬಿಚ್ಚುತ್ತ ಆ ದಿನ ಏನಾಯಿತು ಎಂದು ಕೇಳುತ್ತಿದ್ದಳು. ಕೂದಲು ಅಕ್ಕನ ಕೈಯಲ್ಲಿರುವಾಗ ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ, ಕತ್ತು ಬಿಗಿಯಾದರೆ ಅವಳಿಗೆ ತಿಳಿಯುತ್ತಿತ್ತು. ಈಗ ಇಬ್ಬರ ನಡುವೆ ಫೋನಿತ್ತು, ದೂರವಿತ್ತು. ಸುಳ್ಳಿಗೆ ಅಷ್ಟು ಸಾಕು.

ಅವಳು ಮತ್ತೆ ಫೋನು ಮಾಡಿದಳು.

"ಅಕ್ಕಾ, ಖರೇನ ಡ್ರಿಲ್ ಐತಿ. ಈ ಸಲ ಮೊದಲ ಹೇಳಬಾರದು ಅಂತ ಮ್ಯಾಲಿಂದ ಆರ್ಡರ್ ಬಂದಿತ್ತು. ಹುಗ್ಗಿ ಮಿಲಿಟರಿಯವರ ಮಾಡ್ಯಾರ. ನೀವು ಬಂದ್ರ ಸಾಕು."

ಆ ಕಡೆ ಮಹಾನಂದಾ ಫೋನಿನಿಂದ ಬಾಯಿ ಸರಿಸಿ ಕೂಗಿದ್ದು ಕೇಳಿಸಿತು. "ಏ ಗಂಗವ್ವಾ, ಡ್ರಿಲ್ ಅಂತ ನೋಡ! ಮಿಲಿಟರಿ ಹುಗ್ಗಿ ಅಂತ!" ಗಂಗವ್ವನ ದಪ್ಪ ದನಿ ದೂರದಿಂದ ಬಂತು. "ಬೆಲ್ಲ ಹಾಕ್ಯಾರೋ ಮದ್ದ ಹಾಕ್ಯಾರೋ ಕೇಳ!" ಯಾರೋ ನಕ್ಕರು. ಆ ನಗುವನ್ನು ದಾಕ್ಷಾಯಣಿ ಕಿವಿಗೆ ಒತ್ತಿ ಹಿಡಿದುಕೊಂಡಳು.

"ಮೊದಲ ಹೇಳಬಾರದೇನು? ಈಗ ಹಸಿಹಿಟ್ಟ ಕಲಸಿಟ್ಟೀನಲ್ಲ" ಎಂದು ಮಹಾನಂದಾ ಗೊಣಗಿದಳು. "ಇರ್ಲಿ, ಮುಚ್ಚಿಟ್ಟು ಬರ್ತೀನಿ, ಸಂಜಿಗೆ ಬಂದು ಬಡದ್ರಾತು. ದನಾ ಬಿಚ್ಚೂದೇನು?"

ಅದೊಂದೇ ಪ್ರಶ್ನೆ. ಬಿಚ್ಚು ಎಂದರೆ ತಾಲೀಮು ಅಲ್ಲವೆಂದು ತಿಳಿಯುತ್ತದೆ, ಊರೆಲ್ಲ ಕೊಟ್ಟಿಗೆಗೆ ಓಡುತ್ತದೆ. ಬೇಡ ಎಂದರೆ ಮಹಾನಂದಾಳ ಎರಡು ಎಮ್ಮೆ ಹಗ್ಗದ ತುದಿಯಲ್ಲೇ ಮುಳುಗುತ್ತವೆ. ಗಂಡ ತೀರಿಕೊಂಡ ಮೇಲೆ ಆ ಎಮ್ಮೆಗಳ ಹಾಲಿನಿಂದಲೇ ಅವಳ ಮನೆ ನಡೆದಿತ್ತು. ದೇಚಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಬ್ಯಾಡ. ಸಂಜಿಗೆ ಬರ್ತೀರಲ್ಲ."

"ಆತು, ಇಡ್ತೀನಿ."

"ಅಕ್ಕಾ!" ಮಾತು ಅವಳನ್ನು ಮೀರಿ ಹೊರಬಂತು. "ನಿಮ್ಮತ್ತೀನ್ನ ಬಿಟ್ಟ ಬರಬ್ಯಾಡ. ಈ ಸಲ ಮಲಗಿದವರಿಗೂ ಟ್ರಕ್ ಬರ್ತೈತಿ. ಹೊತ್ತು ಹಾಕ್ರಿ."

ಮಹಾನಂದಾಳ ಅತ್ತೆ ತಿಪ್ಪವ್ವ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಯಾವ ತಾಲೀಮಿನಲ್ಲೂ ಅವಳನ್ನು ಎಬ್ಬಿಸಿರಲಿಲ್ಲ. ಹಾಸಿಗೆ ಹಿಡಿದವರಿಗೆ ತಾಲೀಮಿನಿಂದ ವಿನಾಯಿತಿ ಇತ್ತು.

ರೊಟ್ಟಿಯ ಸದ್ದು ಇರಲಿಲ್ಲ. ಉಸಿರಿನ ಸದ್ದು ಮಾತ್ರ.

"ಡ್ರಿಲ್ಲಿಗೆ ಅತ್ತಿ?" ಎಂದಳು ಮಹಾನಂದಾ.

"ಹೂಂ."

ಮಹಾನಂದಾ ತೀರಾ ಸಹಜವಾದ ದನಿಯಲ್ಲಿ, "ಆತ ತಗೋ" ಎಂದು ಫೋನಿಟ್ಟಳು.

ಹಳದಿ ಚುಕ್ಕಿಗಳು ಅಲುಗಿದವು.

ಮೊದಲು ಗಂಗವ್ವನ ಮನೆ, ಆಮೇಲೆ ಅದರ ಎದುರಿನದು. ಓಣಿಯ ಉದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. ಸ್ವಲ್ಪ ಹೊತ್ತು ಯಾರೂ ಹೊರಬರಲಿಲ್ಲ. ಸೀರೆ ಬದಲಾಯಿಸುತ್ತಿದ್ದಾರೆ ಎಂದು ದಾಕ್ಷಾಯಣಿಗೆ ಅರ್ಥವಾಯಿತು. ನಂತರ ಹಳದಿ ಸಾಲು ನೀಲಿ ಸಾಲಿನ ಮೇಲೆಯೇ ಹೆಜ್ಜೆಯಿಡುತ್ತ ಗುಡ್ಡದತ್ತ ಹೊರಟಿತು. ಟ್ರಕ್ಕುಗಳು ಬಂದು ತಿಪ್ಪವ್ವನನ್ನೂ, ಅವಳಂಥ ಇನ್ನೂ ಕೆಲವರನ್ನೂ ಹೊತ್ತುಕೊಂಡು ಹೋದವು. ಕೊಠಡಿಯಲ್ಲಿ ಯಾರೋ ನಿಟ್ಟುಸಿರು ಬಿಟ್ಟರು.

ಆಗ ಕಿವಿಗೆ ಫೋನಿಟ್ಟುಕೊಂಡಿದ್ದ ಅಧಿಕಾರಿಯೊಬ್ಬ ಎದ್ದು ನಿಂತ. ಅಣೆಕಟ್ಟಿನ ಸೀಳು ಅಗಲವಾಗುತ್ತಿದೆ, ಇಂಜಿನಿಯರುಗಳು ಈಗಲೇ ನೀರಿನ ಭಾರ ಇಳಿಸಬೇಕು ಎನ್ನುತ್ತಿದ್ದಾರೆ ಎಂದ.

"ಊರು ಖಾಲಿನಾ?" ಎಂದು ದೇಚಮ್ಮ ಕೇಳಿದಳು.

ಖಾಲಿಯಾಗಿರಲಿಲ್ಲ. ಒಂದು ಹಳದಿ ಚುಕ್ಕಿ ಉಳಿದಿತ್ತು. ಅದರ ನೀಲಿ ಜೋಡಿ ಆಗಲೇ ಗುಡ್ಡದ ಮೇಲೆ ಹೋಗಿ ನಿಂತಿತ್ತು. ಆದರೆ ಹಳದಿ ಚುಕ್ಕಿ ಓಣಿಯಲ್ಲಿ, ಮನೆಗಳ ಹಿಂಬದಿಯಲ್ಲಿ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಅದು ಹೋದಲ್ಲೆಲ್ಲ ಹೊಸ ಚುಕ್ಕಿಗಳು ಏಳುತ್ತಿದ್ದವು. ಸಣ್ಣವು, ಹಸಿರು ಬಣ್ಣದವು. ದನಗಳ ಕಿವಿಯ ಬಿಲ್ಲೆಗಳು. ಹಸಿರು ಗುಂಪು ಬೆಳೆಯುತ್ತ, ಚೆದುರುತ್ತ, ಮತ್ತೆ ಸೇರುತ್ತ ಹಳ್ಳದ ದಾರಿಯಿಂದ ಏರುಜಾಗಕ್ಕೆ ಹೊರಟಿತು. ನೆರಳೂರಿನಲ್ಲಿ ಇದಕ್ಕೆ ದಾರಿಯೇ ಇರಲಿಲ್ಲ. ಯಂತ್ರ ಆ ಚುಕ್ಕಿಯ ಸುತ್ತ ಕೆಂಪು ವೃತ್ತ ಬರೆದು, ಇದು ತಪ್ಪು ಮಾಹಿತಿ ಇರಬಹುದೇ ಎಂದು ಕೇಳಿತು.

"ಯಾರು ಅದು?"

"ನನ್ನ ಅಕ್ಕ."

ದೇಚಮ್ಮ ಪರದೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದಳು. ಸ್ವಲ್ಪ ತಡೆಯಿರಿ ಎನ್ನಲು ದಾಕ್ಷಾಯಣಿ ಬಾಯಿ ತೆರೆದಳು. ತೆರೆದ ಬಾಯಲ್ಲಿ ಕೆಳಗಿನ ಎರಡು ಪಟ್ಟಣಗಳಿದ್ದವು. ಅಲ್ಲಿಯ ಆಸ್ಪತ್ರೆ, ಹೆಣ್ಣುಮಕ್ಕಳ ಹಾಸ್ಟೆಲ್ಲು, ಸಂತೆಯಲ್ಲಿ ಕುಳಿತ ಸಾವಿರ ಮಹಾನಂದಾರಿದ್ದರು. ಒಬ್ಬಳಿಗಾಗಿ ತಡೆಯಿರಿ ಎಂದರೆ ಅದಕ್ಕೆ ಹೆಸರೇನು? ತಡೆಯಬೇಡಿ ಎಂದರೆ ಅದಕ್ಕೆ ಹೆಸರೇನು? ಅವಳು ಬಾಯಿ ಮುಚ್ಚಿದಳು.

"ನೀರು ಬಿಟ್ಟರೆ ಊರಿಗೆ ಬರೋಕೆ ಎಷ್ಟು ಹೊತ್ತು?" ದೇಚಮ್ಮನಿಗೆ ಅದು ಗೊತ್ತಿತ್ತು. ಆದರೂ ಕೇಳಿದಳು.

"ಒಂದು ಹೊತ್ತಿನ ರೊಟ್ಟಿ ಬಡಿದು ಮುಗಿಸುವಷ್ಟು."

"ಗೇಟು ತೆಗೀರಿ" ಎಂದಳು ದೇಚಮ್ಮ. ಆಮೇಲೆ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ದಾಕ್ಷಾಯಣಿಯ ಪಕ್ಕದಲ್ಲಿ ಹಾಕಿ ಕುಳಿತಳು.

ದಾಕ್ಷಾಯಣಿ ಅಕ್ಕನ ಫೋನಿಗೆ ಹಚ್ಚಿದಳು. ಗಂಟೆ ಬಾರಿಸುತ್ತಲೇ ಇತ್ತು. ಎರಡೂ ಕೈಯಲ್ಲಿ ಹಗ್ಗವಿರುವವಳು ಫೋನು ಎತ್ತುವುದು ಹೇಗೆ? ಪರದೆಯ ಮೇಲೆ ಹೊಳೆಯ ಗೆರೆ ದಪ್ಪವಾಗತೊಡಗಿತು. ಊರ ಹೊರಗಿನ ಹೊಲಗಳು ಹೋದವು, ಕೆಳಗಿನ ಓಣಿ ಹೋಯಿತು. ಹಳದಿ ಚುಕ್ಕಿ ಕೊನೆಯ ಕೊಟ್ಟಿಗೆಯಲ್ಲಿ ಬಹಳ ಹೊತ್ತು ನಿಂತಿತ್ತು. ಯಾರದೋ ಹಟಮಾರಿ ಎಮ್ಮೆ. ಬಿಟ್ಟು ಬಾ, ಬಿಟ್ಟು ಬಾ ಎಂದು ದಾಕ್ಷಾಯಣಿ ತುಟಿಯೊಳಗೇ ಹೇಳುತ್ತಿದ್ದಳು. ಕೊನೆಗೂ ಅದು ಹೊರಬಿತ್ತು. ಹಸಿರು ಗುಂಪಿನ ಹಿಂದೆ ಹಳ್ಳದವರೆಗೆ ಬಂತು. ನೀರೂ ಹಳ್ಳದವರೆಗೆ ಬಂತು. ಹಳದಿ ಚುಕ್ಕಿ ಒಮ್ಮೆ ಮಿನುಗಿ ಆರಿಹೋಯಿತು.

ಫೋನು ಒದ್ದೆಯಾದರೂ ಚುಕ್ಕಿ ಆರುತ್ತದೆ ಎಂದು ದೇಚಮ್ಮ ಹೇಳಿದಳು. ದಾಕ್ಷಾಯಣಿ ಹೌದೆಂದು ತಲೆಯಾಡಿಸಿದಳು. ಅದನ್ನು ಹಾಗೆ ವಿನ್ಯಾಸ ಮಾಡಿದವಳು ಅವಳೇ.

ಸೇನೆಯ ಜೀಪು ಅವಳನ್ನು ಗುಡ್ಡದ ಮೇಲೆ ಇಳಿಸಿದಾಗ ಬಿಸಿಲು ಇನ್ನೂ ಇತ್ತು. ಇಳಕಲ್ ಸೀರೆಗಳ ಕೆಂಪು ಸೆರಗುಗಳು ಬಯಲಿನ ತುಂಬ ಕಂಡವು. ಯಾರೂ ಸಾಲಾಗಿ ಕುಳಿತಿರಲಿಲ್ಲ. ಎಲ್ಲರೂ ಅಂಚಿಗೆ ಬಂದು ಕೆಳಗೆ ನೋಡುತ್ತಿದ್ದರು. ಹೊಳೆಗುತ್ತಿ ಇದ್ದ ಕಡೆ ಕಂದು ನೀರಿತ್ತು, ಅದರ ಮೇಲೆ ಕೆಲವು ಮನೆಗಳ ಮಾಳಿಗೆ ಮಾತ್ರ. ಒಬ್ಬಳು ತನ್ನ ಹೊಲಿಗೆ ಯಂತ್ರದ ಹೆಸರು ಹೇಳಿ ಅಳುತ್ತಿದ್ದಳು. ಇನ್ನೊಬ್ಬಳು ಅಳದೆ, ಮಗಳ ಮದುವೆಗೆ ತಂದಿಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು.

ಗಂಗವ್ವ ಅವಳನ್ನು ಮೊದಲು ಕಂಡಳು.

"ಬಂದ್ಲು ನೋಡ್ರವಾ, ಹುಗ್ಗಿ ತಗೊಂಡು." ದನಿ ದೊಡ್ಡದಿರಲಿಲ್ಲ, ಆದರೂ ಎಲ್ಲರೂ ತಿರುಗಿದರು. "ಎಲ್ಲೈತ್ಬೇ ಹುಗ್ಗಿ? ನೀಡು. ಹೊಟ್ಟಿ ಹಸದೈತಿ. ಮನಿ ನುಂಗಿತಲ್ಲ ನಿನ್ನ ಹೊಳಿ, ಅದಕ್ಕೂ ಒಂದೀಟ ಹಾಕು."

ಟ್ರಕ್ಕಿನ ಮೇಲಿಂದ ತಿಪ್ಪವ್ವನ ನಡುಗುವ ದನಿ ಬಂತು. "ಯಾರದು, ಹುಗ್ಗಿ ಬಂತೇನು?"

ದಾಕ್ಷಾಯಣಿ ನಿಂತಲ್ಲೇ ನಿಂತಳು. ಹೇಳಲು ಅವಳ ಬಳಿ ಪಟ್ಟಣಗಳ ಲೆಕ್ಕವಿತ್ತು, ಮೂರರಲ್ಲೊಂದು ಪಾಲಿನ ಲೆಕ್ಕವಿತ್ತು. ಅವನ್ನು ಈ ಹೆಂಗಸರ ಮುಂದೆ ಬಿಚ್ಚಲು ಧೈರ್ಯವಾಗಲಿಲ್ಲ. ಅವಳ ಕಣ್ಣು ಒಬ್ಬಳನ್ನೇ ಹುಡುಕುತ್ತಿತ್ತು.

ಮಹಾನಂದಾ ಬಯಲಿನ ಹಿಂದೆ, ದನಗಳ ನಡುವೆ, ಹೊಳೆಗೆ ಬೆನ್ನು ಮಾಡಿ ಕುಳಿತಿದ್ದಳು. ಸೊಂಟದವರೆಗೆ ಕೆಸರು ಒಣಗಿತ್ತು. ಅಂಗೈಗಳಲ್ಲಿ ಹಗ್ಗ ಎಳೆದ ಗಾಯ. ಅಷ್ಟು ಹೆಂಗಸರಲ್ಲಿ ಮನೆಯ ಹಳೆಯ ಸೀರೆಯಲ್ಲಿದ್ದವಳು ಅವಳೊಬ್ಬಳೇ. ಸೀರೆ ಬದಲಾಯಿಸುವ ಹೊತ್ತಿನಲ್ಲಿ ಅವಳು ಕೊಟ್ಟಿಗೆಯಲ್ಲಿದ್ದಳು.

ದಾಕ್ಷಾಯಣಿ ದನಗಳ ನಡುವೆ ನುಗ್ಗಿ ಬಂದಳು. ಅಕ್ಕನ ಪಕ್ಕದಲ್ಲಿ ನೆಲಕ್ಕೆ ಕುಳಿತಳು. ಮಹಾನಂದಾ ಸರಿದು ಜಾಗ ಕೊಡಲಿಲ್ಲ, ದೂರವೂ ಹೋಗಲಿಲ್ಲ.

"ದನಾ ಬ್ಯಾಡ ಅಂದ್ಯಲ್ಲ" ಎಂದಳು ಕೊನೆಗೆ. "ನಂಬಿದ್ನಿ. ಅತ್ತಿ ಮಾತ ತಗದಿ, ಆಗ ತಿಳೀತು."

"ಮತ್ತ ಯಾಕ ಯಾರಿಗೂ ಹೇಳಲಿಲ್ಲ?"

"ಹೇಳಿದ್ರ ಬರ್ತಿದ್ರೇನು? ಗಂಗವ್ವ ಅಟ್ಟದ ಮ್ಯಾಲಿನ ಕಾಳಿನ ಚೀಲಾ ಬಿಟ್ಟು ಬರಾಕಿ?" ಅವಳು ಅಂಗೈಯ ಗಾಯ ನೋಡಿಕೊಂಡಳು. "ಎಲ್ಲಾರೂ ನಕ್ಕೋತ ಹೊಂಟಿದ್ರು ದಾಕ್ಷಿ. ಹೂವ ಮುಡಕೊಂಡು. ನಾ ಬಾಗಿಲದಾಗ ನಿಂತು, ಲಗೂ ನಡೀರಿ ಹುಗ್ಗಿ ಆರ್ತೈತಿ ಅಂದ್ನಿ. ನನ್ನ ಬಾಯಿಲೆ ಅಂದ್ನಿ. ಸುಳ್ಳ ಈಗ ನಿಂದಷ್ಟ ಅಲ್ಲ, ನಂದೂ ಐತಿ."

ದಾಕ್ಷಾಯಣಿ ಅವಳ ಕೈ ಹಿಡಿಯಲು ಹೋದಳು. ಮಹಾನಂದಾ ಕೈ ಎಳೆದುಕೊಂಡಳು.

"ಉರೀತೈತಿ" ಎಂದಳು. ಗಾಯವನ್ನೇ ಹೇಳಿದಳೋ ಏನೋ.

ಅಂದು ಕತ್ತಲಾದ ಮೇಲೆ ಹಾರುಯಂತ್ರಗಳು ಬಂದವು. ಅಣೆಕಟ್ಟಿನ ಸೀಳಿದ ಕಂಬ ಉರುಳಿತು. ಅರ್ಧ ಖಾಲಿಯಾಗಿದ್ದ ಜಲಾಶಯದ ನೀರು ಎರಡು ಪಟ್ಟಣಗಳ ರಸ್ತೆಗಳಿಗೆ ನುಗ್ಗಿ ಮೊಣಕಾಲೆತ್ತರದಲ್ಲಿ ನಿಂತುಬಿಟ್ಟಿತು. ಜೀವಹಾನಿ ಆಗಲಿಲ್ಲ. ಅದು ಎಲ್ಲ ಸುದ್ದಿಗಳಲ್ಲೂ ಬಂತು. ಹೊಳೆಗುತ್ತಿಯ ಹೆಸರು ಒಂದೆರಡರಲ್ಲಿ ಬಂತು.

ಚಳಿಗಾಲ ಕಾಲಿಡುವ ಹೊತ್ತಿಗೆ ಮೇಲಿನ ಕಚೇರಿಯಿಂದ ಪ್ರಶಂಸೆಯ ಮಾತು ಬಂದಿತು. ಹೊಳೆಗುತ್ತಿಯ ವಿಧಾನವನ್ನು ಉಳಿದ ಅಣೆಕಟ್ಟುಗಳ ಯೋಜನೆಗೂ ಸೇರಿಸಬೇಕೆಂದು ಸೂಚನೆಯಿತ್ತು. ದೇಚಮ್ಮ ಅದನ್ನು ಓದಿ ಪಕ್ಕಕ್ಕಿಟ್ಟು, "ನಿಮ್ಮ ನೆರಳೂರನ್ನು ಮೊದಲು ಕೇಳೋಣ" ಎಂದಳು.

ದಾಕ್ಷಾಯಣಿ ಆ ದಿನದ ಮಾಹಿತಿಯನ್ನೆಲ್ಲ ನೆರಳೂರಿಗೆ ಉಣಿಸಿದ್ದಳು. ಆಮೇಲೆ ನಡೆದದ್ದನ್ನೂ ಉಣಿಸಿದ್ದಳು. ತಾತ್ಕಾಲಿಕ ಶೆಡ್ಡುಗಳಲ್ಲಿ ಅಧಿಕಾರಿಗಳು ಕರೆದ ಸಭೆಗೆ ಯಾರೂ ಬಾರದ್ದು, ಲಸಿಕೆಗೆ ಕರೆದರೆ ಮಕ್ಕಳನ್ನು ಬಚ್ಚಿಟ್ಟದ್ದು, ಎಲ್ಲವನ್ನೂ. ಅವಳು ನೀಲಿ ಊರಿನಲ್ಲಿ ಸೈರನ್ ಊದಿದಳು. ಯಾರೂ ಅಲುಗಲಿಲ್ಲ. ತಾಲೀಮು ಎಂದಳು, ಅಲುಗಲಿಲ್ಲ. ನಿಜವಾಗಿ ನೀರು ಬರುತ್ತಿದೆ ಎಂದಳು. ನೀಲಿ ಚುಕ್ಕಿಗಳು ತಮ್ಮ ತಮ್ಮ ಮನೆಗಳಲ್ಲಿ ತಣ್ಣಗೆ ಕುಳಿತಿದ್ದವು. ಹೊಳೆ ಬಂದು ಎಲ್ಲವನ್ನೂ ಆರಿಸಿಕೊಂಡು ಹೋಯಿತು.

"ಇದು ಒಂದೇ ಸಲ ಬಳಸಬಹುದಾದ ಆಯುಧ ಮೇಡಂ" ಎಂದಳು ದಾಕ್ಷಾಯಣಿ. "ಬಳಸಿಬಿಟ್ಟಿದ್ದೀವಿ."

ದೇಚಮ್ಮ ಪರದೆಯನ್ನು ಬಹಳ ಹೊತ್ತು ನೋಡಿದಳು. "ಗಡಿ ಕಾಯೋದ್ರಲ್ಲಿ ಇಷ್ಟು ವರ್ಷ ಕಳೆದೆ" ಎಂದಳು. "ನಾನು ಏಳಿ ಅಂದಾಗ ಒಂದು ಊರು ಏಳಲ್ಲ ಅಂದ್ರೆ ಏನನ್ನ ಕಾದ ಹಾಗಾಯ್ತು? ಹೋಗಿ ಬನ್ನಿ. ಏನು ಮಾಡಬೇಕು ಅಂತ ಅವರನ್ನೇ ಕೇಳಿ."

ಗುಡ್ಡದ ಮೇಲಿನ ಶೆಡ್ಡಿನ ಮುಂದೆ ಮಹಾನಂದಾ ಮೂರು ಕಲ್ಲಿನ ಒಲೆ ಹೂಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ತಂಗಿಯನ್ನು ಕಂಡು ಮಣೆಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. ಅಷ್ಟೇ ಸ್ವಾಗತ. ಒಳಗಿನಿಂದ ತಿಪ್ಪವ್ವನ ಕೆಮ್ಮು ಕೇಳಿಸಿತು. ನೀರಿನ ಕೊಡ ಹೊತ್ತು ಹಾದುಹೋದ ಗಂಗವ್ವ, "ಏನವಾ, ಇವತ್ತೇನ ಡ್ರಿಲ್ಲೇನು?" ಎಂದು ನಿಲ್ಲದೆ ಕೇಳಿ ಹೋದಳು.

ದಾಕ್ಷಾಯಣಿ ಯಂತ್ರದಲ್ಲಿ ಕಂಡದ್ದನ್ನು ಅಕ್ಕನಿಗೆ ಹೇಳಿದಳು. ಏನನ್ನೂ ಮರೆಮಾಡಲಿಲ್ಲ. ಅಣೆಕಟ್ಟನ್ನು ಮತ್ತೆ ಕಟ್ಟುತ್ತಿದ್ದಾರೆ, ಮತ್ತೆ ನೀರು ತುಂಬುತ್ತದೆ, ಮತ್ತೆ ಹಾರುಯಂತ್ರಗಳು ಬರಬಹುದು, ಆಗ ನೀವು ಯಾರೂ ಎದ್ದು ಬರುವುದಿಲ್ಲ ಎಂದಳು. ಮಹಾನಂದಾ ಕೇಳುತ್ತ, ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು.

"ಅದನ್ನ ಹೇಳಾಕ ಮಿಷಿನ್ ಬೇಕಾತೇನು? ನನ್ನ ಕೇಳಿದ್ರ ಹೇಳ್ತಿದ್ನಿ."

"ಹಂಗಾರ ನಾ ಏನ ಮಾಡ್ಲಿ ಅಕ್ಕಾ?"

ಮಹಾನಂದಾ ಬೆನ್ನ ಹಿಂದೆ ಕೈ ತೋರಿಸಿದಳು. ಕೆಳಗೆ, ಹಳೆಯ ಊರಿಗಿಂತ ತುಸು ಎತ್ತರದಲ್ಲಿ, ಸುಣ್ಣದ ಗೆರೆ ಎಳೆದು ಹೊಸ ಮನೆಗಳ ಜಾಗ ಗುರುತು ಮಾಡಿದ್ದರು.

"ಹೊಳಿ ಕಡಿ ಮೊದಲನೇ ಜಾಗಾ ಐತಲ್ಲ, ಅದು ಯಾರಿಗೂ ಬ್ಯಾಡಾಗೈತಿ. ಗಂಗವ್ವನ ಹೆಸರಿಗೆ ಬಂದಿತ್ತು, ಒಲ್ಲೆ ಅಂದ್ಲು. ಅದನ್ನ ನೀ ತಗೋ. ಮನಿ ಕಟ್ಟು. ಅಲ್ಲೇ ಇರು."

"ನಾನಽ?"

"ನೀನಽ ಮತ್ತ. ಧಾರವಾಡದಾಗ ನಿನಗೇನ ಗಂಡ ಕಾಯ್ತಾನ, ಮಕ್ಕಳು ಅಳ್ತಾವ? ಮಿಷಿನ್ ಇಲ್ಲಿಂದನೂ ನೋಡಾಕ ಬರ್ತೈತಿ. ಆಮ್ಯಾಲ ಸೈರನ್ ಊದ್ಲಿ ಬಿಡ್ಲಿ, ಹುಗ್ಗಿ ಇರ್ಲಿ ಇಲ್ಲದಿರ್ಲಿ. ನಾವು ನಿನ್ನ ಬಾಗಿಲಾ ನೋಡ್ತೀವಿ. ನೀ ಓಡಿದ್ರ ನಾವೂ ಓಡ್ತೀವಿ."

ದಾಕ್ಷಾಯಣಿ ಸುಣ್ಣದ ಗೆರೆಗಳನ್ನು ನೋಡಿದಳು. ಮೊದಲನೆಯ ಚೌಕದಿಂದ ಹೊಳೆ ನಾಲ್ಕು ಮಾರು ದೂರದಲ್ಲಿದ್ದಂತೆ ಕಂಡಿತು. ತನ್ನ ಸೈರನ್ನನ್ನು ಕೇಳಿ ತಾನು ಎಂದೂ ಹಾಸಿಗೆಯಿಂದ ಎದ್ದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಅಂಥ ಗಳಿಗೆಯಲ್ಲಿ ತಾನು ಮೊದಲು ಏನನ್ನು ಹಿಡಿದುಕೊಳ್ಳುತ್ತೇನೆ, ಯಾರ ಹೆಸರು ಕೂಗುತ್ತೇನೆ ಎಂಬುದನ್ನು ನೆರಳೂರೂ ಹೇಳಲಾರದು. ಅವಳಿಗೆ ಭಯವಾಯಿತು. ಇಷ್ಟು ವರ್ಷ ಬೇರೆಯವರಲ್ಲಿ ಅಳೆಯುತ್ತಿದ್ದ ಭಯ.

ಅವಳು ಸೆರಗು ಸಿಕ್ಕಿಸಿಕೊಂಡು, ಅಕ್ಕನ ಪರಾತದಿಂದ ಹಿಟ್ಟಿನ ಉಂಡೆಯೊಂದನ್ನು ತೆಗೆದುಕೊಂಡು ಬಡಿಯಲು ಕುಳಿತಳು. ಅರ್ಧ ಬಡಿಯುವಷ್ಟರಲ್ಲಿ ರೊಟ್ಟಿ ಅಂಚಿನಲ್ಲಿ ಹರಿಯಿತು.

ಮಹಾನಂದಾ ಅದನ್ನು ನೋಡಿದಳು. ಗಾಯ ಮಾಗಿದ ಅಂಗೈಯನ್ನು ತಂಗಿಯ ಕೈಯ ಮೇಲಿಟ್ಟು, ಹರಿದ ಅಂಚನ್ನು ಒತ್ತಿ ಕೂಡಿಸಿದಳು.

"ಮೆಲ್ಲಕ ಬಡಿ" ಎಂದಳು. "ಇಲ್ಲೇ ಇದ್ರ ಕಲೀತಿ."